ಪ್ರೇಮಲೀಲಾ ಅತ್ತ ದಿನ

ಲಕ್ಷ್ಮೀಪುರಂನ ಪ್ರೇಮಲೀಲಾ ಅವರ ಮನೆತನದಲ್ಲಿ ಸತ್ತವರಿಗಾಗಿ ಅಳುವ ಪದ್ಧತಿಯಿಲ್ಲ; ಶಿವನ ಪಾದ ಸೇರಿದವರಿಗೆ ಕಣ್ಣೀರು ಸಲ್ಲದೆಂಬ ನಂಬಿಕೆ. ಪತಿ ಮೃತ್ಯುಂಜಯ ತೀರಿಕೊಂಡಾಗಲೂ ಅವರು ಹಲ್ಲುಕಚ್ಚಿ ಬಂದವರಿಗೆಲ್ಲ ಬಡಿಸಿದರು. ತಾಯಿಯನ್ನು ನೋಡಿ ಮಗಳು ನಿಶ್ಚಿತಾಳೂ ಕಲ್ಲಾದಳು. ಮಾತು, ಊಟ ಎರಡನ್ನೂ ಬಿಟ್ಟಳು. ಪ್ರೇಮಲೀಲಾ ಅವರಿಗೆ ದಿಗಿಲಾಯಿತು.

ತೀರಿಕೊಂಡವರ ಹೆಸರಿನಲ್ಲಿ ನಡೆಯುವ ಶಿವಗಣಾರಾಧನೆಯ ದಿನ ಮಾವ ಸಿದ್ದಲಿಂಗಸ್ವಾಮಿಯವರು, "ತಾಯಿ-ಮಗಳು ಎಷ್ಟು ಗಟ್ಟಿ ನೋಡಿ" ಎಂದು ನೆಂಟರೆದುರು ಹೊಗಳಿದರು.

"ಗಟ್ಟಿ ಏನೂ ಇಲ್ಲ ಮಾವ," ಎಂದರು ಪ್ರೇಮಲೀಲಾ, ಸೌಟು ಕೆಳಗಿಟ್ಟು. "ಅವ್ರು ಶಿವನ ಹತ್ರ ಹೋಗ್ಬುಟ್ರು, ಸರಿ. ನಾವು ಇಲ್ಲೇ ಇದ್ದೀವಲ್ಲ! ಮಾತ್ರೆ ತಗೊಳ್ರೀ ಅಂದ್ರೆ ನಗ್ತಿದ್ರು. ನಂಗೆ ಅವ್ರ ಮೇಲೆ ಸಿಟ್ಟು!"

ತುಂಬಿದ ಮನೆಯಲ್ಲಿ ಗಟ್ಟಿಯಾಗಿ ಅಳಲು ಎಂಟೆದೆ ಬೇಕು. ಅವರು ಅತ್ತರು.

"ನಂಗೂ ಸಿಟ್ಟು ಕಣಮ್ಮ," ಎನ್ನುತ್ತ ನಿಶ್ಚಿತಾ ಓಡಿಬಂದು ತಾಯಿಯನ್ನು ತಬ್ಬಿಕೊಂಡಳು. ಯಾರೂ ತಡೆಯಲಿಲ್ಲ, ಮಾವನೇ ಶಲ್ಯದಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.