ಬಾವಿಯ ಪಕ್ಕದ ಏಳು ಒಲೆಗಳು

ನೆಲದಡಿ ಹಳೆಯ ಕಾಲದ ಊರು ಹುದುಗಿದ್ದ ಬಯಲಿನಲ್ಲಿ ಮೂವತ್ತೊಂದು ವರ್ಷ ಮಣ್ಣು ಜರಡಿಯಾಡಿಸಿದವಳು ಜರಡಿಯಮ್ಮ. ಸಾಸಿವೆಯಷ್ಟು ಮಣಿಯೂ ಅವಳ ಬೆರಳಿನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಗೆತದ ಪುಸ್ತಕಗಳಲ್ಲಿ ಮಾತ್ರ ‘ಕೂಲಿಯಾಳುಗಳು’ ಎಂಬ ಒಂದೇ ಪದದೊಳಗೆ ಅವಳೂ ಸೇರಿಹೋಗಿದ್ದಳು.

ಈ ಸಲ ಅಗೆತ ನಡೆಸುವ ಪುರಾತತ್ವ ಕಚೇರಿಯಿಂದಲೇ ಕರೆ ಬಂತು. ಮುಂದಿನ ಹತ್ತು ವರ್ಷ ಎಲ್ಲಿ ಅಗೆಯಬೇಕು, ಎಲ್ಲಿ ಬಿಡಬೇಕು ಎಂದು ಸಂಬಂಧಪಟ್ಟವರೆಲ್ಲ ಕೂತು ತೀರ್ಮಾನಿಸುವ ಸಭೆ. ಕೂಲಿಯವರ ಪರವಾಗಿ ಇವಳು.

“ಅತ್ತೆ, ಸುಮ್ನೆ ಸಹಿ ಹಾಕಿ ಬನ್ನಿ. ಅಲ್ಲೂ ಜರಡಿ ಹಿಡೀಬೇಡಿ” ಎಂದಳು ಸೊಸೆ.

“ಹಿಡಿಯೋಕೇ ಹೋಗ್ತಿರೋದು ಕಣೇ.”

ಸಭೆಯ ಕೋಣೆಯ ಗೋಡೆಯ ಮೇಲೆ ಬಯಲಿನ ನಕ್ಷೆ. ಪೂರ್ವದ ದಿಬ್ಬಕ್ಕೆ ಕೆಂಪು ಬಣ್ಣ: ಮುಂದಿನ ಅಗೆತ ಅಲ್ಲಿ. ಬಾವಿಯ ಪಕ್ಕದ ತಗ್ಗಿಗೆ ಬೂದು ಬಣ್ಣ: ಅಲ್ಲಿ ಕಾಂಕ್ರೀಟು ಸುರಿದು ಪ್ರವಾಸಿಗರ ಬಸ್ಸು ನಿಲ್ಲಿಸುವುದು.

ಜರಡಿಯಮ್ಮನಿಗೆ ನಗು ತಡೆಯಲಾಗಲಿಲ್ಲ.

“ಏನಮ್ಮಾ?” ಎಂದ ಅಧಿಕಾರಿ.

“ಸಾಹೇಬ್ರೇ, ಆ ದಿಬ್ಬ ಹಳೇ ಕಾಲದ್ದಲ್ಲ. ನಾನೂ ನನ್ನ ಓರಗಿತ್ತೀನೂ ಬುಟ್ಟೀಲಿ ಹೊತ್ತು ಸುರಿದ ಮಣ್ಣು. ಅಗೆದ್ರೆ ಸಿಗೋದು ನನ್ನ ಕಿತ್ತೋದ ಚಪ್ಪಲಿ.”

ಬಸ್ಸಿನ ಮಾಲೀಕ ಹೊಟ್ಟೆ ಹಿಡಿದು ನಕ್ಕ.

“ನಗ್ಬೇಡಿ ಸ್ವಾಮಿ. ನೀವು ಬಸ್ಸು ನಿಲ್ಸೋ ತಗ್ಗಲ್ಲಿ ಏಳು ಒಲೆ ಇವೆ, ಒಂದೇ ಸಾಲಲ್ಲಿ. ಮಳೆ ಬಂತು ಅಂತ ನೀಲಿ ಟಾರ್ಪಾಲು ಹಾಸಿ ಮಣ್ಣು ಮುಚ್ಚಿದ್ವಿ. ಅಷ್ಟರಲ್ಲಿ ಆಗಿನ ಸಾಹೇಬ್ರಿಗೆ ವರ್ಗ ಆಯ್ತು. ಆಮೇಲೆ ಕೇಳೋರೇ ಇಲ್ಲ.”

“ದಾಖಲೆಯಲ್ಲಿಲ್ವಲ್ಲಮ್ಮ” ಎಂದರು ಇತಿಹಾಸದ ಮೇಷ್ಟ್ರು.

“ದಾಖಲೆ ಬರೆಯೋರು ನೆರಳಲ್ಲಿದ್ರು ಮೇಷ್ಟ್ರೇ. ಒಲೆ ಪಕ್ಕ ಮಂಡಿಯೂರಿದ್ದೋಳು ನಾನು.”

ಅಧಿಕಾರಿ ಕಾಗದವನ್ನು ಅವಳತ್ತ ಸರಿಸಿದ. “ಅದನ್ನ ಆಮೇಲೆ ನೋಡೋಣ. ಈಗ ಸಹಿ ಹಾಕಿ. ಎಲ್ಲರದ್ದೂ ಇಲ್ದೆ ಫೈಲು ಮುಂದಕ್ಕೆ ಹೋಗಲ್ಲ.”

“ಹೌದಾ?” ಜರಡಿಯಮ್ಮ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟಳು. “ಹಾಗಾದ್ರೆ ಇಲ್ಲೇ ಇರ್ಲಿ ಬಿಡಿ. ನಾನು ಕಲ್ತಿರೋದೇ ನಾಲ್ಕಕ್ಷರ, ಅವನ್ನ ಸುಳ್ಳಿನ ಕೆಳಗೆ ಬರೆಯಲ್ಲ. ತಗ್ಗಿಗೆ ಬನ್ನಿ, ಅಗೆದು ನೋಡೋಣ. ಒಲೆ ಇಲ್ದಿದ್ರೆ ಬಸ್ಸು ನನ್ನ ಮೇಲೇ ನಿಲ್ಸಿ.”

ಗದರಿದರು, ಪುಸಲಾಯಿಸಿದರು, ಎರಡು ಸಲ ಚಹಾ ತರಿಸಿದರು. ಚಹಾ ಕುಡಿದಳು, ಕುರ್ಚಿ ಬಿಟ್ಟು ಕದಲಲಿಲ್ಲ.

ನಾಲ್ಕು ಗಂಟೆಗೆ ಸಭೆಗೆ ಸಭೆಯೇ ತಗ್ಗಿನಲ್ಲಿ ನಿಂತಿತ್ತು. ಕಾಂಕ್ರೀಟು ಸುರಿಸಲು ಬಂದಿದ್ದ ಇಂಜಿನಿಯರೇ ಗುದ್ದಲಿ ಹಿಡಿದ. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಮಣ್ಣಿನಿಂದ ನೀಲಿ ಅಂಚೊಂದು ಇಣುಕಿತು. ಅವನು ಬಗ್ಗಿ ಅದನ್ನು ಜಗ್ಗಹೋದ.

“ಕೈ ತೆಗಿಯಪ್ಪಾ!” ಜರಡಿಯಮ್ಮನ ದನಿಗೆ ಅಧಿಕಾರಿಯೂ ಒಂದು ಹೆಜ್ಜೆ ಹಿಂದೆ ಸರಿದ. “ಎಳೆದ್ರೆ ಒಲೆ ಬಾಯಿ ಕುಸಿಯುತ್ತೆ. ಗುದ್ದಲಿ ಬಿಡು, ಕುಂಚ ತಗೊಂಬಾ. ಸಾಹೇಬ್ರೇ, ನೀವು ಆ ಕಡೆ ನಿಲ್ಲಿ, ನೆರಳು ಬೀಳ್ತಿದೆ.”

ಸಾಹೇಬರು ಆ ಕಡೆ ಹೋಗಿ ನಿಂತರು.