ನನ್ನ ಸೋಲಿನ ಸುದ್ದಿ ನಾನೇ ಹೊತ್ತು ತಂದದ್ದು

ನಾನು ಶಾಲೆ ಬಿಟ್ಟದ್ದು 1934ರಲ್ಲಿ, ನಾಲ್ಕನೆಯ ಇಯತ್ತೆಗೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೈದರಾಬಾದಿನ ಉರ್ದು ಪೇಪರು ಮೋಟಾರಿನಲ್ಲಿ ಹುಮನಾಬಾದಿನ ತನಕ ಬರುತ್ತಿತ್ತು. ಅಲ್ಲಿಂದ ಬಸವಕಲ್ಯಾಣಕ್ಕೆ (ಆಗ ನಾವು ಕಲ್ಯಾಣಿ ಅನ್ನುತ್ತಿದ್ದೆವು) ಕಟ್ಟನ್ನು ಸೈಕಲ್ಲಿನ ಹಿಂದೆ ಬಿಗಿದು ತರುವವನು ನಾನು. ಹೋಗುವಾಗ ಜೋರು ತುಳಿದರೆ ಬರುವಾಗ ಕಾಲು ಸೋಲುತ್ತದೆ ಎಂಬುದನ್ನು ಆ ಹಾದಿಯೇ ಕಲಿಸಿತು.

ದೊಡ್ಡವನಾಗಿ ಒಂದು ದಿನದ ಸೈಕಲ್ ಪಂದ್ಯಗಳನ್ನು ನಾಲ್ಕು ಬಾರಿ ಗೆದ್ದ ಮೇಲೆ ಅದೇ ಪೇಪರು ನನ್ನ ಬಗ್ಗೆ ಬರೆಯತೊಡಗಿತು. ಆಗಲೇ ಹೈದರಾಬಾದಿನಿಂದ ಹುಮನಾಬಾದಿಗೆ ಮೂರು ದಿನದ ಪಂದ್ಯ ಇಟ್ಟರು. ಮೂರೂ ದಿನದ ಹೊತ್ತು ಕೂಡಿಸಿದಾಗ ಯಾರದು ಕಡಿಮೆಯೋ ಅವನು ಗೆದ್ದಂತೆ. ಕಲ್ಯಾಣಿಯ ಸವಾರ ಮೂರೂ ದಿನ ಮೊದಲು ಬರಬೇಕು, ಬಾರದಿದ್ದರೆ ಅವನು ಒಂದು ದಿನದ ಕುದುರೆ ಎಂದು ಪೇಪರಿನವರು ಬರೆದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ.

ನಮ್ಮೂರಿನ ಚಹಾದಂಗಡಿಯ ಚಾಚಾ ಅದನ್ನು ಗಟ್ಟಿಯಾಗಿ ಓದಿ, "ಮೊದಲ್ನೇ ದಿನಾನೇ ಹೊಡೀಬೇಕು ನೋಡು ಬೇಟಾ. ಪೇಪರ್ನಾಗ ಬಂದದ," ಅಂದರು.

"ಪೆಡಲ್ ತುಳಿಯೋದು ಪೇಪರಲ್ಲರಿ ಚಾಚಾ, ನಾನು," ಅಂದೆ.

ಮೊದಲ ದಿನ ಐದನೆಯವನಾಗಿ ಬಂದೆ, ಎರಡನೆಯ ದಿನ ಮೂರನೆಯವನಾಗಿ. ಬೆನ್ನ ಹಿಂದೆ ಪೇಪರಿನ ಕಟ್ಟು ಇದೆ ಎಂದುಕೊಂಡೇ ತುಳಿದೆ. ಗಾಳಿಯಂತೆ ಹೋಗಿದ್ದವರು ಮೂರನೆಯ ದಿನ ಹಾದಿಯ ಬದಿಗೆ ಕುಳಿತರು. ಆ ದಿನ ನನಗಿಂತ ಮುಂದೆ ಬಂದವನು ಒಬ್ಬನೇ, ಅವನು ಹಿಂದಿನ ದಿನ ಬಹಳ ತಡವಾಗಿ ಬಂದಿದ್ದ. ಒಟ್ಟು ಹೊತ್ತಿನಲ್ಲಿ ನಾನೇ ಮೊದಲು. ಹಿತ್ತಾಳೆಯ ಕಪ್ ಕೊಟ್ಟರು.

ತರುವವನಿಲ್ಲದೆ ಅಷ್ಟೂ ದಿನದ ಪೇಪರು ಹುಮನಾಬಾದಿನಲ್ಲೇ ಬಿದ್ದಿತ್ತು. ಬಿಚ್ಚಿ ನೋಡಿದರೆ, ಕಲ್ಯಾಣಿಯ ಸವಾರನ ಆಟ ಮುಗಿಯಿತು ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಹಳ್ಳಕ್ಕೆ ಎಸೆಯಬಹುದಿತ್ತು. ಎಸೆಯಲಿಲ್ಲ. ಕಟ್ಟಿನ ಮೇಲೆ ಕಪ್ ಬಿಗಿದು ಊರಿಗೆ ಹೊರಟೆ.

ಚಾಚಾ ಕಪ್ ನೋಡಿಯೂ ಪೇಪರನ್ನೇ ಮೊದಲು ಓದಿದರು. "ಐದನೇದು, ಮೂರನೇದು. ಒಂದ್ ದಿನಾನೂ ಗೆದ್ದಿಲ್ಲ, ಪೂರಾ ಹ್ಯಾಂಗ ಗೆದ್ದಿ? ಕಪ್ ಎಲ್ಲಿ ಖರೀದಿ ಮಾಡಿದಿ?"

ಅಂಗಡಿಯವರೆಲ್ಲ ನಕ್ಕರು.

"ಇವತ್ತಿಂದು ಇನ್ನಾ ಛಾಪಾ ಆಗಿಲ್ಲರಿ," ಅಂದೆ.

"ಆಗ್ಲಿ ತಗೋ. ಪೇಪರ್ನಾಗ ಬಂದ ಮ್ಯಾಲ ನೋಡೂಣು."

"ಬರ್ತದರಿ. ಅದನ್ನ ತರಾಂವನೂ ನಾನೇ."

ಎರಡು ದಿನ ಬಿಟ್ಟು ಆ ಪೇಪರನ್ನೂ ತಂದೆ. ಎರಡೇ ಸಾಲು: ಗೆದ್ದನೆಂದು ಒಂದು, ಮುಂದಿನ ಏಳು ದಿನದ ಪಂದ್ಯವನ್ನೂ ಗೆಲ್ಲಲೇಬೇಕೆಂದು ಇನ್ನೊಂದು. ಚಾಚಾ ಎರಡನೆಯದನ್ನು ಎರಡು ಸಲ ಓದಿ, "ಹೋಗ್ತಿ ಅಲ್ಲ?" ಎಂದರು.

"ನನಗ ಮನಸಾದ್ರ ಹೋಗ್ತೇನರಿ. ಅವ್ರಿಗಿ ಮನಸಾದ್ರ ಅವ್ರು ಹೋಗ್ಲಿ."

ಆಮೇಲೂ ಹಾಗೆಯೇ. ಮನಸ್ಸಾದಾಗ ಪಂದ್ಯಕ್ಕೆ ಹೋದೆ, ಇಲ್ಲದಾಗ ಇಲ್ಲ. ಈಗ ನನ್ನ ಬಳಿ ಎರಡು ಸೈಕಲ್, ಒಂದು ಗಾಳಿ ಪಂಪು, ಮೂರು ಕಪ್ ಇವೆ. ಪೇಪರಿನ ತುಂಡು ಒಂದೂ ಇಲ್ಲ.