ಸಿನಿಮಾದಲ್ಲಿ ಕಂಡ ಆಲೆಮನೆ

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಮದ್ದೂರಿನ ದಾರಿಯಲ್ಲಿ ಬೆಲ್ಲ ಕಾಯಿಸುವ ವಾಸನೆ ಬಸ್ಸಿನೊಳಕ್ಕೆ ನುಗ್ಗಿದರೆ ಸಾಕು, ಕೆರಗೋಡಿನ ನಮ್ಮ ನಡುಮನೆ, ಮೂಲೆಯ ಟಿವಿ, ಗೋಡೆಗೊರಗಿ ಎಲೆಅಡಿಕೆ ಮೆಲ್ಲುವ ತಾತ, ಎಲ್ಲವೂ ಎದ್ದು ಬರುತ್ತವೆ. ಆ ಮನೆ ಈಗಿಲ್ಲ. ಹಿತ್ತಿಲಾಚೆಗಿದ್ದ ನಮ್ಮ ಆಲೆಮನೆಯೂ ಇಲ್ಲ. ಕಬ್ಬು ಅರೆಯುವ ಕಾಲಕ್ಕೆ ಅಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು, ಚಿಮಣಿಯ ಹೊಗೆ ಗದ್ದೆಬಯಲಿನ ಮೇಲೆ ಮಲಗಿರುತ್ತಿತ್ತು, ಊರ ಮಕ್ಕಳೆಲ್ಲ ಬಿಸಿ ಬೆಲ್ಲಕ್ಕೆ ಬಂದು ನಿಲ್ಲುತ್ತಿದ್ದರು. ಯಾರನ್ನೂ ಬರಿಗೈಯಲ್ಲಿ ಕಳಿಸಬಾರದೆಂಬುದು ತಾತನ ಕಟ್ಟಪ್ಪಣೆ. ಇಂಥ ಮನೆಗಳನ್ನು ಕಳೆದುಕೊಂಡವರು ನೀವೂ ಇದ್ದೀರಿ; ನೆನಪಿನಲ್ಲಿ ಒಂದಾದರೂ ಹೆಮ್ಮೆಯನ್ನು ಕಾಪಾಡಿಕೊಳ್ಳುವ ಆಸೆ ನಿಮಗೂ ಗೊತ್ತು. ನನ್ನ ಪಾಲಿಗೆ ಅದು ತಾತನ ಆ ಮಾತು.

ನನಗಾಗ ಏಳೋ ಎಂಟೋ ವರ್ಷ. ಮಂಡ್ಯದಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಒಂದು ಭಾನುವಾರ ಯುದ್ಧದ ಸಿನಿಮಾ ಎಂದು ಸಿ.ಡಿ. ತಂದು ಹಾಕಿದರು. ನಾಜಿಗಳು ಯೆಹೂದಿಗಳನ್ನು ಕೊಂದ ಕತೆ ಅದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಜಗಲಿಯಲ್ಲಿ ನಿಂತು, ಕಿಟಕಿಯ ಸರಳು ಹಿಡಿದು, ನಮ್ಮ ಗದ್ದೆ ಕೆಲಸಕ್ಕೆ ಬರುತ್ತಿದ್ದ ಸಾಕಮ್ಮನ ಮಗಳು ಜ್ಯೋತಿಯೂ ನೋಡುತ್ತಿದ್ದಳು. ನನ್ನ ಓರಗೆಯವಳು. ದಲಿತರ ಕೇರಿಯ ಮಕ್ಕಳು ನಮ್ಮ ಟಿವಿ ನೋಡುತ್ತಿದ್ದದ್ದು ಅಲ್ಲಿಂದಲೇ. ಪರದೆಯ ಮೇಲೆ ರೈಲಿನಿಂದಿಳಿದ ಜನ, ಗಂಟುಮೂಟೆ, ಮಕ್ಕಳು. ಹಿಂದೆ ಹೊಗೆಯಾಡುವ ಚಿಮಣಿ.

"ಆಲೆಮನೆ ಕಣ್ ತಾತ! ಬೆಲ್ಲ ಈಸ್ಕಳಕ್ಕೆ ನಿಂತವ್ರೆ!" ಎಂದು ನಾನು ಕೂಗಿದೆ.

"ಲೇ, ಮೂರೊತ್ತೂ ಬೆಲ್ಲದ್ದೇ ಗ್ಯಾನ ಕಣ್ಲಾ ನಿಂಗೆ," ಚಿಕ್ಕಪ್ಪ ನಕ್ಕರು.

ಅಷ್ಟರಲ್ಲಿ ಸಿಪಾಯಿಗಳು ಜನರನ್ನು ಎರಡು ಸಾಲು ಮಾಡತೊಡಗಿದರು. ಕಿಟಕಿಯಿಂದ ಜ್ಯೋತಿ ಖುಷಿಯಲ್ಲಿ ಹೇಳಿದಳು: "ಊ ಕಣ, ಆಲೆಮನೇನೇ! ನೋಡು, ಎಲ್ಡ್ ಸಾಲು ಮಾಡ್ತಾವ್ರೆ. ಆ ಕಡೇದು ನಮ್ದು."

ಈ ಸಲ ಯಾರೂ ನಗಲಿಲ್ಲ. "ಆರ್ಸ್ಲಾ ಅದ್ನ," ಎಂದರು ತಾತ.

ಮೈಸೂರಿನಲ್ಲಿ ಎಂ.ಎ. ಓದುವಾಗ ಸಿನಿಮಾದ ಆ ಸಾಲುಗಳ ಅರ್ಥ ತಿಳಿಯಿತು: ಒಂದು ದುಡಿತಕ್ಕೆ, ಇನ್ನೊಂದು ಸಾವಿಗೆ. ಅದನ್ನು ನಮ್ಮ ಬೆಲ್ಲದ ಸಾಲಿಗೆ ಹೋಲಿಸುವುದು ಸಲ್ಲದು ಎಂದುಕೊಂಡೆ, ಈಗಲೂ ಅನ್ನುತ್ತೇನೆ. ಆದರೆ ಆ ಮಾತನ್ನು ಜ್ಯೋತಿಯೇ ಆಡಿದಳೇ, ಇಲ್ಲ, ಪುಸ್ತಕ ಓದಿದ ಮೇಲೆ ಅವಳ ಬಾಯಲ್ಲಿ ನಾನೇ ಆಡಿಸಿದೆನೇ? ನನ್ನ ನೆನಪಿನ ಆಲೆಮನೆಯಲ್ಲಿ ಮಕ್ಕಳೆಲ್ಲ ಒಂದೇ ಗುಂಪು. ಅವಳ ಮಾತು ನನ್ನ ಕಲ್ಪನೆಯಾಗಿದ್ದರೆ ತಾತನ ಮೇಲಿನ ಹೆಮ್ಮೆ ನನಗೆ ಉಳಿಯುತ್ತಿತ್ತು. ಹಾಗಾಗಲಿ ಎಂದು ಎಷ್ಟು ಬಯಸಿದೆನೆಂಬುದೇ ನಾಚಿಕೆಯ ಸಂಗತಿ. ಜ್ಯೋತಿ ಈಗ ಮಳವಳ್ಳಿಯಲ್ಲಿದ್ದಾಳೆ. ಅವಳನ್ನೇ ಕೇಳಬಹುದಿತ್ತು. ಏನೆಂದು ಕೇಳಲಿ?

ಕೊನೆಗೆ ಮದ್ದೂರಿನಲ್ಲಿರುವ ಸೋದರತ್ತೆಯ ಹತ್ತಿರ ಹೋಗಿ ಕೇಳಿದೆ. ಆಲೆಮನೆಯಲ್ಲಿ ಬೆಲ್ಲ ಹಂಚುತ್ತಿದ್ದವರು ಅವರೇ.

"ಅದ್ಯಾಕ್ಲಾ ಈಗ ಕೆದುಕ್ತೀಯೆ?" ಎಂದು ಗದರಿದರು. ಸೆರಗಿನಿಂದ ಬಾಯೊರೆಸಿಕೊಂಡರು. "ಸಿನ್ಮಾ ಗಿನ್ಮಾ ನಂಗೊತ್ತಿಲ್ಲ. ಎಲ್ಡ್ ಸಾಲು ಇದ್ದಿದ್ದು ದಿಟ ಕಣಪ್ಪ. ನಿಮ್ಗೆಲ್ಲ ಎಲೇಗಾಕಿ ಕೈಗೆ ಕೊಡ್ತಿದ್ದೆ. ಅವ್ರು ಎಲೆ ಇಡ್ಕಂಡು ನಿಂತ್ಕಂಡ್ರೆ, ಮೇಲಿಂದ ಬುಡ್ತಿದ್ದೆ."